ಸಂಗೀತ ವೃತ್ತಿ, ಕರ್ನಾಟಕದಲ್ಲಿ

ಹಾಡಿಕೆ, ವಾದನ, ಸ್ವರಸಂಯೋಜನೆ, ಪಾಠ, ಧ್ವನಿಮುದ್ರಣಗಳಿಂದ ಪೂರ್ತಿಯಾಗಿಯೋ ಭಾಗಶಃವಾಗಿಯೋ ಜೀವನ ನಡೆಸುವುದು ಸಂಗೀತ ವೃತ್ತಿ. ಕರ್ನಾಟಕದಲ್ಲಿ ಈ ವೃತ್ತಿಗೆ ದೇವಸ್ಥಾನ, ಅರಮನೆಗಳ ಆಶ್ರಯವಿತ್ತು. ಮುಂದೆ ನಾಟಕ ಕಂಪನಿ, ಗ್ರಾಮಫೋನ್, ಆಕಾಶವಾಣಿ, ಸಿನಿಮಾ, ಕ್ಯಾಸೆಟ್, ಅಂತರ್ಜಾಲಗಳು ಒಂದೊಂದಾಗಿ ಬಂದವು. ಬಹುಪಾಲು ಕಲಾವಿದರಿಗೆ ಇವುಗಳಲ್ಲಿ ಯಾವ ಒಂದರ ಆದಾಯವೂ ಸಾಕಾಗಲಿಲ್ಲ. ಬೇರೆ ದುಡಿಮೆಯನ್ನೂ ಹಿಡಿದುಕೊಂಡು ಸಂಗೀತವನ್ನು ಕಾಪಾಡಿಕೊಂಡವರ ಪಾಲು ಈ ಚರಿತ್ರೆಯಲ್ಲಿ ದೊಡ್ಡದು.

ದೇವಸ್ಥಾನ ಮತ್ತು ಅರಮನೆ

ಮದುವೆ, ಜಾತ್ರೆ, ಉತ್ಸವಗಳಿಗೆ ವಾಲಗ ಊದುವ ಮನೆತನಗಳಿಗೆ ಸಂಗೀತವೇ ಕುಲವೃತ್ತಿಯಾಗಿತ್ತು. ಮೈಸೂರು ಅರಮನೆ ವಿದ್ವಾಂಸರಿಗೆ ಸಂಬಳ, ಬಿರುದು, ಖಿಲ್ಲತ್ತುಗಳನ್ನು ಕೊಟ್ಟು ಪೋಷಿಸಿತು. ವೀಣೆ ಶೇಷಣ್ಣ (1852–1926), ಬಿಡಾರಂ ಕೃಷ್ಣಪ್ಪ (1866–1931), ಮೈಸೂರು ವಾಸುದೇವಾಚಾರ್ಯರು (1865–1961) ಈ ಆಸ್ಥಾನದ ಹೆಸರನ್ನು ನಾಡಿನಾಚೆಗೂ ಒಯ್ದರು. ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡಿಗೂ ಜಾಗವಿತ್ತು.

1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಶೋಷಣೆಯನ್ನು ತಡೆಯಲು ಬಂದ ಈ ಕ್ರಮದಿಂದ ಹಾಡು, ನೃತ್ಯವನ್ನೇ ನಂಬಿದ್ದ ಹೆಣ್ಣುಮಕ್ಕಳ ಜೀವನೋಪಾಯಕ್ಕೂ ಪೆಟ್ಟು ಬಿತ್ತು. ಅದೇ ಸಮುದಾಯದಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ (1878–1952) ಮದರಾಸಿನಲ್ಲಿ ಕಛೇರಿಗಳಿಂದ ಗಳಿಸಿದ್ದನ್ನು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಲು ಧಾರೆಯೆರೆದರು. ಕಲಾವಿದೆಯೊಬ್ಬಳ ಸ್ವಂತ ದುಡಿಮೆ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದಕ್ಕೆ ಆ ಮಂದಿರ ಇಂದಿಗೂ ಸಾಕ್ಷಿ.

ನಾಟಕ ಕಂಪನಿ

ಉತ್ತರ ಕರ್ನಾಟಕದಲ್ಲಿ ಗಾಯಕರಿಗೆ ಅನ್ನ ಕೊಟ್ಟದ್ದು ರಂಗಭೂಮಿ. ಟಿಕೆಟ್ ಕೊಂಡು ಬಂದ ಜನ ಮುಖ್ಯವಾಗಿ ಹಾಡು ಕೇಳಲು ಬರುತ್ತಿದ್ದುದರಿಂದ ಹಾಡಬಲ್ಲ ನಟನಿಗೆ ಬೇಡಿಕೆ ಹೆಚ್ಚಿತ್ತು. ಕುಂದಗೋಳದ ಸವಾಯಿ ಗಂಧರ್ವರು (1886–1952) ಮರಾಠಿ ರಂಗದಲ್ಲಿ ಮೆರೆದರು. ಮಲ್ಲಿಕಾರ್ಜುನ ಮನ್ಸೂರರು (1910–1992) ಬಾಲನಟರಾಗಿ ಕಂಪನಿಯಲ್ಲಿ ಹಾಡುತ್ತಿದ್ದಾಗಲೇ ನೀಲಕಂಠಬುವಾ ಮಿರಜಕರರ ಕಣ್ಣಿಗೆ ಬಿದ್ದು ಅವರ ಶಿಷ್ಯರಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಸ್ವಂತ ಕಾಲ ಮೇಲೆ ನಿಲ್ಲಿಸಿದರು. ಆಶ್ರಮದ ಖರ್ಚಿಗೂ ನಾಟಕದ ಗಳಿಕೆ ಒದಗುತ್ತಿತ್ತು.

ಗ್ರಾಮಫೋನ್ ಮತ್ತು ಆಕಾಶವಾಣಿ

1902ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ವಾಣಿಜ್ಯ ಧ್ವನಿಮುದ್ರಣಗಳು ನಡೆದವು. ಅಲ್ಲಿ ಹಾಡಿ ದೇಶದಾದ್ಯಂತ ಹೆಸರಾದ ಗೌಹರ್ ಜಾನ್ 1928ರಲ್ಲಿ ಮೈಸೂರು ಆಸ್ಥಾನ ಸೇರಿ 1930ರಲ್ಲಿ ಆ ಊರಿನಲ್ಲೇ ತೀರಿಕೊಂಡರು. ಗ್ರಾಮಫೋನ್ ಯುಗದ ಮೊದಲ ತಾರೆಗೂ ಕೊನೆಗಾಲದಲ್ಲಿ ರಾಜಾಶ್ರಯವೇ ಆಸರೆಯಾಯಿತು. ಗಂಗೂಬಾಯಿ ಹಾನಗಲ್ (1913–2009) ಅವರ ಮೊದಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು.

1935ರಲ್ಲಿ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ತೆರೆದರು. 1950ರಲ್ಲಿ ಧಾರವಾಡದಲ್ಲಿ, 1955ರಲ್ಲಿ ಬೆಂಗಳೂರಿನಲ್ಲಿ ಆಕಾಶವಾಣಿ ಆರಂಭವಾಯಿತು. ನಿಲಯ ಕಲಾವಿದರಿಗೆ ತಿಂಗಳ ಸಂಬಳ ಬಂತು. ಉಳಿದವರನ್ನು ಧ್ವನಿಪರೀಕ್ಷೆ ಮಾಡಿ ಬಿ, ಬಿ-ಹೈ, ಎ, ಟಾಪ್ ಎಂದು ಶ್ರೇಣಿ ಕೊಟ್ಟು ಅದರ ಪ್ರಕಾರ ಸಂಭಾವನೆ ಗೊತ್ತುಮಾಡಲಾಯಿತು. ರಾಜ, ಜಮೀನುದಾರರ ಪೋಷಣೆ ಕುಗ್ಗುತ್ತಿದ್ದ ಹೊತ್ತಿನಲ್ಲಿ ಪಕ್ಕವಾದ್ಯದವರಿಗೂ ಇದು ದೊಡ್ಡ ಆಧಾರವಾಯಿತು. ಬೆಂಗಳೂರು ಗಾಯನ ಸಮಾಜ (1905), 1939ರಿಂದ ಚಾಮರಾಜಪೇಟೆಯಲ್ಲಿ ರಾಮನವಮಿ ಕಛೇರಿ ನಡೆಸುತ್ತಿರುವ ಶ್ರೀರಾಮ ಸೇವಾ ಮಂಡಳಿಯಂಥ ಸಂಸ್ಥೆಗಳು ಕಛೇರಿಗೆ ಸಾರ್ವಜನಿಕ ಪೋಷಣೆಯನ್ನು ಕಟ್ಟಿದವು.

ಚಲನಚಿತ್ರ

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ದಶಕಗಳ ಕಾಲ ಕನ್ನಡ ಹಾಡುಗಳ ಮುದ್ರಣ ಹೆಚ್ಚಾಗಿ ಮದರಾಸಿನಲ್ಲೇ ನಡೆಯಿತು. ವಾದ್ಯಗಾರರು ಕಾಲ್‌ಶೀಟ್ ಲೆಕ್ಕದಲ್ಲಿ ದುಡಿದರು. ಇಳಯರಾಜಾ ಕೂಡ ಜಿ. ಕೆ. ವೆಂಕಟೇಶರಿಗೆ ಸಹಾಯಕರಾಗಿ ಕನ್ನಡ ಚಿತ್ರಗಳಲ್ಲಿ ಪಳಗಿದವರು. 1980ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ ಮೇಲೆ ಆ ಕೆಲಸ ಊರಿಗೇ ಬರತೊಡಗಿತು.

ಸುಗಮ ಸಂಗೀತ ಮತ್ತು ಕ್ಯಾಸೆಟ್

ಕವಿತೆಯನ್ನು ವೇದಿಕೆಯಲ್ಲಿ ಹಾಡಿ ಸುಗಮ ಸಂಗೀತಕ್ಕೆ ಕೇಳುಗರನ್ನು ಗಳಿಸಿಕೊಟ್ಟವರಲ್ಲಿ ಪಿ. ಕಾಳಿಂಗರಾವ್ ಮೊದಲಿಗರು. ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ, ಕೆ. ಎಸ್. ನಿಸಾರ್ ಅಹಮದ್ ಗೀತೆಗಳ ‘ನಿತ್ಯೋತ್ಸವ’ (1978) ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಈ ಪರಂಪರೆಯ ಹಿರಿಯರಲ್ಲಿ ಹಲವರು ಬೇರೆ ಉದ್ಯೋಗದಲ್ಲಿದ್ದವರು. ಸಿ. ಅಶ್ವಥ್ (1939–2009) ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ನೌಕರಿ ಮಾಡಿದರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. ಇಂಥವರನ್ನು ಹವ್ಯಾಸಿಗಳೆಂದು ಬದಿಗಿಟ್ಟರೆ ಕನ್ನಡ ಭಾವಗೀತೆಯ ಅರ್ಧ ಕಥೆಯೇ ಬಿಟ್ಟುಹೋಗುತ್ತದೆ. ಸಂಗೀತಾ, ಲಹರಿ ಮೊದಲಾದ ಕಂಪನಿಗಳು ಭಾವಗೀತೆ, ಭಕ್ತಿಗೀತೆ, ಜನಪದ ಗೀತೆಗಳನ್ನು ಹಳ್ಳಿಹಳ್ಳಿಗೆ ತಲುಪಿಸಿದವು.

ಹಕ್ಕು ಮತ್ತು ಆದಾಯ

ಸಿನಿಮಾ ಹಾಡಿನ ಹಕ್ಕಿನ ಮೇಲೆ ನಿರ್ಮಾಪಕರ ಹಿಡಿತವೇ ಬಿಗಿಯಾಗಿತ್ತು. 1977ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನೇ ಎತ್ತಿಹಿಡಿಯಿತು. 2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನಕಾರ, ಸಂಯೋಜಕರಿಗೆ ಬಿಟ್ಟುಕೊಡಲಾಗದ ರಾಯಧನದ ಹಕ್ಕನ್ನು ಕೊಟ್ಟು, ಹಾಡಿದವರು, ನುಡಿಸಿದವರ ಪಾಲನ್ನೂ ಗುರುತಿಸಿತು. ಆದರೂ ಸ್ಟುಡಿಯೋ ವಾದ್ಯಗಾರರಿಗೆ ರೂಢಿಯಲ್ಲಿ ಸಿಗುವುದು ಹೆಚ್ಚಾಗಿ ಆ ದಿನದ ಸಂಭಾವನೆಯಷ್ಟೇ.

ಇಂದು ಮನೆಯಲ್ಲೇ ಹಾಡು ಮುದ್ರಿಸಿ ಅಂತರ್ಜಾಲಕ್ಕೆ ಏರಿಸಬಹುದು, ವಿದೇಶದ ಕನ್ನಡಿಗರ ಮಕ್ಕಳಿಗೆ ಪಾಠ ಹೇಳಬಹುದು. ಆದರೂ ಪಾಠ, ಪಕ್ಕವಾದ್ಯ, ಗಣೇಶೋತ್ಸವದ ಆರ್ಕೆಸ್ಟ್ರಾ, ಟ್ರ್ಯಾಕ್ ಗಾಯನಗಳನ್ನು ಒಟ್ಟುಗೂಡಿಸಿಯೇ ಹೆಚ್ಚಿನವರ ಸಂಸಾರ ಸಾಗುತ್ತದೆ. 2020ರಲ್ಲಿ ಕೊರೊನಾದಿಂದ ವೇದಿಕೆಗಳು ಮುಚ್ಚಿದಾಗ ದಿನಗೂಲಿಯಂತೆ ದುಡಿಯುವ ವಾದ್ಯಗಾರರು ಮೊದಲು ಕಷ್ಟಕ್ಕೆ ಬಿದ್ದರು. ಹಿಂದೆ ಅರಮನೆ, ಆಕಾಶವಾಣಿಗಳು ಕೆಲವರಿಗಷ್ಟೇ ಕೊಟ್ಟ ಸಂಬಳದ ಭದ್ರತೆ ಇವರಿಗೆ ಸಿಕ್ಕಿಲ್ಲ. ಕರಾರುಪತ್ರ, ವಿಮೆ, ರಾಯಧನದ ನ್ಯಾಯವಾದ ಹಂಚಿಕೆಗಳು ಅವರವರೆಗೂ ತಲುಪಬೇಕಾದದ್ದು ಈ ವೃತ್ತಿಯ ಮುಂದಿರುವ ಮುಖ್ಯ ಪ್ರಶ್ನೆ.