ಕೊಲ್ಲಿಯ ಹಣ ಊರಿಗೆ ಬಂದ ದಾರಿ

ಇಂದಿನ ಯುವಕರು ನಂಬಲಿಕ್ಕಿಲ್ಲ, ಒಂದು ಕಾಲದಲ್ಲಿ ದುಬೈ, ಕುವೈತ್, ಬಹ್ರೈನ್‌ಗಳ ಪೇಟೆಯಲ್ಲಿ ನಡೆಯುತ್ತಿದ್ದುದು ನಮ್ಮದೇ ರೂಪಾಯಿ. ಅಲ್ಲಿ ದುಡಿದವನು ಊರಿಗೆ ಬರುವಾಗ ನೋಟನ್ನು ಕಿಸೆಯಲ್ಲಿಟ್ಟುಕೊಂಡು ಬಂದರೆ ಸಾಕಿತ್ತು. ವಿನಿಮಯ ದರದ ಚಿಂತೆಯೇ ಇರಲಿಲ್ಲ.

ಇದನ್ನು ಕೆಡಿಸಿದ್ದು ಚಿನ್ನ. ಕೊಲ್ಲಿಯಿಂದ ಕಳ್ಳಸಾಗಣೆಯಲ್ಲಿ ಬಂದ ಚಿನ್ನಕ್ಕೆ ರೂಪಾಯಿಯಲ್ಲಿ ಬೆಲೆ ಕೊಡಲಾಗುತ್ತಿತ್ತು. ಆ ನೋಟುಗಳು ಕೊಲ್ಲಿಯ ಬ್ಯಾಂಕುಗಳ ಮೂಲಕ ಮರಳಿ ಬಂದಾಗ ಭಾರತ ಪೌಂಡ್ ತೆರಬೇಕಿತ್ತು. ಇದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಹೊರಡಿಸಿತು. ಅದು ಭಾರತದೊಳಗೆ ಚಲಾವಣೆಯಾಗುತ್ತಿರಲಿಲ್ಲ. ಹಜ್ ಯಾತ್ರಿಕರಿಗೂ ಪ್ರತ್ಯೇಕ ನೋಟು ಬಂತು. 1961ರಲ್ಲಿ ಕುವೈತ್, 1965ರಲ್ಲಿ ಬಹ್ರೈನ್ ಸ್ವಂತ ದಿನಾರ್ ಮಾಡಿಕೊಂಡವು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿ, ಡಾಲರಿಗೆ 4.76 ಇದ್ದದ್ದು 7.50 ಆದಾಗ ಕತಾರ್ ಮತ್ತು ದುಬೈ ಸಹ ಕೈಬಿಟ್ಟವು. ಒಮಾನ್‌ನಲ್ಲಿ ಮಾತ್ರ 1970ರ ತನಕ ಉಳಿಯಿತು.

ಹೀಗೆ ದಾರಿ ಮುಚ್ಚಿದ ಸ್ವಲ್ಪ ಕಾಲದಲ್ಲೇ, 1973ರ ತೈಲ ಬೆಲೆಯೇರಿಕೆಯ ನಂತರ, ಕೇರಳದಿಂದಲೂ ನಮ್ಮ ಕರಾವಳಿಯಿಂದಲೂ ಜನ ಕೊಲ್ಲಿಗೆ ಹೊರಟರು. ಹಣ ಕಳಿಸಲು ಅವರಿಗಿದ್ದ ಕಾನೂನುಬದ್ಧ ಮಾರ್ಗ ಬ್ಯಾಂಕ್ ಡ್ರಾಫ್ಟ್. ಅದನ್ನು ಅಂಚೆಯಲ್ಲಿ ಹಾಕಬೇಕು, ಊರಿನ ಶಾಖೆಯಲ್ಲಿ ಅದು ನಗದಾಗುವ ತನಕ ಕಾಯಬೇಕು. ಓದು ಬಾರದ ಉಮ್ಮನಿಗೆ ಬ್ಯಾಂಕಿನ ಮೆಟ್ಟಿಲು ಹತ್ತುವುದೇ ಒಂದು ಸಂಕಟ. ಇಷ್ಟೆಲ್ಲ ಆದ ಮೇಲೂ ಸಿಗುವುದು ಸರಕಾರ ನಿಗದಿಪಡಿಸಿದ ದರ.

ಹುಂಡಿಯವನು ಅದಕ್ಕಿಂತ ಹೆಚ್ಚು ಕೊಡುತ್ತಿದ್ದ, ಮನೆಬಾಗಿಲಿಗೇ ತಂದು ಕೊಡುತ್ತಿದ್ದ. ಅವನಿಗೆ ಇದು ಹೇಗೆ ಗಿಟ್ಟುತ್ತಿತ್ತು? ಉತ್ತರ ಮತ್ತೆ ಚಿನ್ನವೇ. ದುಬೈಯಲ್ಲಿ ಪಡೆದ ದಿರ್ಹಮ್ ಭಾರತಕ್ಕೆ ಬರುತ್ತಲೇ ಇರಲಿಲ್ಲ. ಅದರಿಂದ ಅಲ್ಲಿ ಚಿನ್ನ ಖರೀದಿಯಾಗುತ್ತಿತ್ತು, ಚಿನ್ನ ಇಲ್ಲಿ ಕದ್ದು ಇಳಿಯುತ್ತಿತ್ತು, ಅದನ್ನು ಮಾರಿದ ರೂಪಾಯಿ ಉಮ್ಮನ ಕೈ ಸೇರುತ್ತಿತ್ತು. ದಿರ್ಹಮ್‌ಗಾಗಿ ಕಾದು ಕುಳಿತ ಕಳ್ಳಸಾಗಣೆದಾರನೇ ಆ ಹೆಚ್ಚುವರಿ ದರವನ್ನು ತೆರುತ್ತಿದ್ದ. ಬೆವರು ಸುರಿಸಿ ದುಡಿದವನಿಗೆ ಇದು ಗೊತ್ತಿತ್ತೋ ಇಲ್ಲವೋ, ಹಣ ಮುಳುಗಿದರೆ ದೂರು ಕೊಡಲು ಠಾಣೆಯಿಲ್ಲ ಎಂಬುದಂತೂ ಗೊತ್ತಿತ್ತು. 1973ರ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಅವನೂ ಅಪರಾಧಿಯೇ.

ಹವಾಲಾ ಎಂಬ ಪದಕ್ಕೆ ಬಂದ ಗತಿ ನೋಡಿದರೆ ಬೇಸರವಾಗುತ್ತದೆ. ಫಿಕ್‌ಹ್‌ನಲ್ಲಿ ಅದು ಒಬ್ಬನ ಸಾಲದ ಹೊಣೆಯನ್ನು ಇನ್ನೊಬ್ಬನಿಗೆ ವರ್ಗಾಯಿಸುವ ಮಾನ್ಯ ಕರಾರು. ದಾರಿಗಳ್ಳರ ಭಯವಿಲ್ಲದೆ ಹಣ ತಲುಪಿಸಲು ವ್ಯಾಪಾರಿಗಳು ಬಳಸುತ್ತಿದ್ದ 'ಸುಫ್ತಜ' ಎಂಬ ಪತ್ರದ ಬಗ್ಗೆ ವಿದ್ವಾಂಸರು ಗಂಭೀರವಾಗಿ ಚರ್ಚಿಸಿದ್ದಾರೆ. ಸಾಲ ಕೊಟ್ಟವನು ಸುರಕ್ಷಿತ ಸಾಗಣೆಯೆಂಬ ಲಾಭ ಪಡೆಯುವುದು ಸರಿಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಅಂತಹ ಸೂಕ್ಷ್ಮತೆಯಿದ್ದ ಪದ 1990ರ ದಶಕದ ನಮ್ಮ ಪತ್ರಿಕೆಗಳಲ್ಲಿ ರಾಜಕಾರಣಿಗಳ ಲಂಚಕ್ಕೆ ಹೆಸರಾಯಿತು.

ಹುಂಡಿಯ ಬಲ ಕುಗ್ಗಿಸಿದ್ದು ಪೊಲೀಸರ ದಾಳಿಗಿಂತ ಹೆಚ್ಚಾಗಿ ದರದ ಬದಲಾವಣೆ. 1990ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆ ರದ್ದಾಯಿತು. 1992ರಲ್ಲಿ ವಿದೇಶದಿಂದ ಮರಳುವವರಿಗೆ ಸುಂಕ ಕಟ್ಟಿ 5 ಕಿಲೋ ಚಿನ್ನ ತರಲು ಅವಕಾಶ ಸಿಕ್ಕಿತು. 1993ರ ಮಾರ್ಚ್‌ನಲ್ಲಿ ರೂಪಾಯಿಯ ದರವನ್ನು ಮಾರುಕಟ್ಟೆಗೆ ಬಿಡಲಾಯಿತು. ಬ್ಯಾಂಕಿನ ದರಕ್ಕೂ ಹುಂಡಿಯ ದರಕ್ಕೂ ಇದ್ದ ಅಂತರ ಕರಗಿತು. 2000ದ ಜೂನ್‌ನಲ್ಲಿ ಹಳೆಯ ಕಾಯ್ದೆಯ ಬದಲು ಫೆಮಾ ಜಾರಿಗೆ ಬಂತು. ಹುಂಡಿ ಅಕ್ರಮವಾಗಿಯೇ ಉಳಿಯಿತು.

ಇಂದು ಮೊಬೈಲಿನಲ್ಲೇ ಹಣ ಕಳಿಸಬಹುದು. ಆದರೆ 'ಶುಲ್ಕವಿಲ್ಲ' ಎಂದವರೆಲ್ಲ ಪುಕ್ಕಟೆ ಕಳಿಸುತ್ತಾರೆಂದಲ್ಲ. ದಿರ್ಹಮ್‌ಗೆ 20 ಪೈಸೆ ಕಡಿಮೆ ದರ ಕೊಟ್ಟರೆ ಸಾವಿರ ದಿರ್ಹಮ್‌ಗೆ 200 ರೂಪಾಯಿ ಹೋಯಿತು, ರಶೀದಿಯಲ್ಲಿ ಅದು ಕಾಣುವುದಿಲ್ಲ. ವಲಸಿಗರು ಹಣ ಕಳಿಸುವ ವೆಚ್ಚವನ್ನು 2030ರೊಳಗೆ ಶೇಕಡಾ 3ಕ್ಕಿಂತ ಕೆಳಗಿಳಿಸಬೇಕೆಂದು ವಿಶ್ವಸಂಸ್ಥೆ 2015ರಲ್ಲಿ ಗುರಿಯಿಟ್ಟಿತು. ಜಗತ್ತಿನ ಸರಾಸರಿ 2024ರಲ್ಲೂ ಶೇಕಡಾ 6ರ ಮೇಲೆಯೇ ಇತ್ತು. ಹಾಗಾಗಿ ಕೌಂಟರಿನಲ್ಲಿ ಶುಲ್ಕ ಎಷ್ಟೆಂದು ಕೇಳಿದರೆ ಸಾಲದು. ಸಾವಿರ ದಿರ್ಹಮ್ ಕೊಟ್ಟರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ಒಂದೇ ದಿನ ಎರಡು ಮೂರು ಕಡೆ ಕೇಳಿ ನೋಡಿ.