ನಾಲ್ಕನೇ ದೂರ

ಆಫೀಸಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ಇದು ಗೊತ್ತಿರುತ್ತೆ. ಬಾಸ್ ಒಂದು ಪ್ರಶ್ನೆ ಕೊಡ್ತಾರೆ, ನಾವು ಎಕ್ಸೆಲ್ ತೆರೆದು ಉತ್ತರ ಹುಡುಕ್ತೀವಿ. ಪ್ರಶ್ನೆಯೇ ಸರಿಯಿಲ್ಲ ಅಂತ ಮಧ್ಯದಲ್ಲಿ ಅನ್ನಿಸಿದರೂ ಬಾಯಿ ಬಿಡೋದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರಾಯ್ತು, ನಮಗ್ಯಾಕೆ ಊರ ಉಸಾಬರಿ?

1951ರಲ್ಲಿ ಅಮೆರಿಕದ ಆಲ್ಬರ್ಟ್ ವೋಲ್‌ಸ್ಟೆಟರ್ ಎಂಬುವವರ ಮೇಜಿಗೂ ಇಂಥದ್ದೇ ಒಂದು ಪ್ರಶ್ನೆ ಬಂತು. ಅವರು ಸೈನಿಕರಲ್ಲ, ಗಣಿತದ ತರ್ಕಶಾಸ್ತ್ರ ಓದಿಕೊಂಡವರು. ಕೆಲಸ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿದ್ದ ರ‍್ಯಾಂಡ್ ಸಂಸ್ಥೆಯಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೂ ವಿಜ್ಞಾನಿಗಳ ತಲೆ ಕೈತಪ್ಪಿ ಹೋಗಬಾರದು ಅಂತ ಸೇನೆಯ ವಾಯುವಿಭಾಗ 1945ರಲ್ಲಿ ಡಗ್ಲಾಸ್ ವಿಮಾನ ಕಂಪನಿಯೊಳಗೆ ಶುರು ಮಾಡಿದ ಯೋಜನೆ ಅದು. 1948ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಆದರೂ ದೊಡ್ಡ ಗಿರಾಕಿ ವಾಯುಪಡೆಯೇ.

ವಾಯುಪಡೆಯ ಪ್ರಶ್ನೆ ಸರಳವಾಗಿತ್ತು: ವಿದೇಶಗಳಲ್ಲಿ ಬಾಂಬರ್ ನೆಲೆಗಳನ್ನು ಎಲ್ಲಿ, ಹೇಗೆ ಕಟ್ಟಬೇಕು? ಸೋವಿಯತ್ ಒಕ್ಕೂಟ 1949ರಲ್ಲೇ ಅಣುಬಾಂಬ್ ಸಿಡಿಸಿ ತೋರಿಸಿತ್ತು. ಅಮೆರಿಕದ ಹೊಸ ಬಿ-47 ಬಾಂಬರ್‌ಗೆ ಸ್ವದೇಶದಿಂದ ಹೊರಟು, ದಾರಿಯಲ್ಲಿ ಇಂಧನ ತುಂಬಿಸಿಕೊಳ್ಳದೆ ಅಷ್ಟು ದೂರ ಹೋಗಿಬರುವ ಶಕ್ತಿ ಇರಲಿಲ್ಲ. ಹಾಗಾಗಿ ಬ್ರಿಟನ್, ಮೊರಾಕ್ಕೊದಂಥ ಕಡೆ ನೆಲೆ ಬೇಕು. ಶತ್ರುವಿಗೆ ಹತ್ತಿರ ಇದ್ದಷ್ಟೂ ಹಾರಾಟದ ಖರ್ಚು ಕಡಿಮೆ. ವೋಲ್‌ಸ್ಟೆಟರ್‌ಗೆ ಮೊದಲು ಇದು ಬೋರು ಹೊಡೆಸುವ ಸಾಗಾಣಿಕೆ ಲೆಕ್ಕ ಅನ್ನಿಸಿತ್ತಂತೆ.

ಆಮೇಲೆ ಅವರ ತಂಡ ನಾಲ್ಕು ದೂರಗಳನ್ನು ಅಳೆಯಿತು. ನೆಲೆಯಿಂದ ಗುರಿಗೆ ಎಷ್ಟು ದೂರ? ಶತ್ರುವಿನ ರಕ್ಷಣಾವ್ಯೂಹದೊಳಗೆ ನುಸುಳಲು ಅನುಕೂಲವಾದ ಜಾಗಕ್ಕೆ ಎಷ್ಟು? ನೆಲೆಗೆ ಸಾಮಾನು ಸರಂಜಾಮು ಎಷ್ಟು ದೂರದಿಂದ ಬರಬೇಕು? ಈ ಮೂರು ಯಾರಿಗಾದರೂ ಹೊಳೆಯುತ್ತವೆ. ನಾಲ್ಕನೆಯದು ಬೇರೆ ಥರದ್ದು: ಶತ್ರು ದಾಳಿಗೆ ಹೊರಡುವ ಜಾಗದಿಂದ ನಮ್ಮ ನೆಲೆಗೆ ಎಷ್ಟು ದೂರ?

ನಾವು ಅವರಿಗೆ ಹತ್ತಿರ ಅಂದ್ರೆ ಅವರೂ ನಮಗೆ ಹತ್ತಿರ. ಅವರು ಮೊದಲು ಕೈ ಎತ್ತಿದರೆ, ಸಾಲಾಗಿ ನಿಲ್ಲಿಸಿದ ಬಾಂಬರ್‌ಗಳು ನೆಲ ಬಿಡುವ ಮೊದಲೇ ಬೂದಿ. ಹೆದರಿಸಲು ಕಟ್ಟಿದ ನೆಲೆಯೇ ಶತ್ರುವಿಗೆ ಆಮಿಷ ಆಗಬಹುದು.

ಇದಕ್ಕೆ ಉದಾಹರಣೆ ಅವರ ಮನೆಯಲ್ಲೇ ಇತ್ತು. ಹೆಂಡತಿ ರಾಬರ್ಟಾ ವೋಲ್‌ಸ್ಟೆಟರ್ ಕೂಡ ರ‍್ಯಾಂಡ್‌ನಲ್ಲಿದ್ದು, ಪರ್ಲ್ ಹಾರ್ಬರ್ ದಾಳಿಯ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅವರ ಪುಸ್ತಕ 1962ರಲ್ಲಿ ಬಂತು. 1940ರಲ್ಲಿ ಅಮೆರಿಕ ತನ್ನ ನೌಕಾಬಲವನ್ನು ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ಸರಿಸಿದ್ದು ಜಪಾನ್ ಹೆದರಲಿ ಅಂತ. 1941ರ ಡಿಸೆಂಬರ್ 7ರ ಬೆಳಿಗ್ಗೆ ಅದೇ ಹಡಗುಗಳು ಜಪಾನಿನ ವಿಮಾನಗಳ ಕೈಗೆ ಸಿಕ್ಕವು. 2,400ಕ್ಕೂ ಹೆಚ್ಚು ಜನ ಸತ್ತರು.

ಬಾಂಬರ್‌ಗಳು ಅಮೆರಿಕದಲ್ಲೇ ಇರಲಿ, ವಿದೇಶಿ ನೆಲೆಗಳು ಇಂಧನ ತುಂಬಿಸಿಕೊಳ್ಳುವ ತಂಗುದಾಣ ಮಾತ್ರ ಆಗಲಿ ಅಂತ ತಂಡ ಹೇಳಿತು. ದುಡ್ಡು ಕೊಟ್ಟವರಿಗೇ ನಿಮ್ಮ ಪ್ಲ್ಯಾನ್ ಸರಿಯಿಲ್ಲ ಅನ್ನೋ ಮಾತಿದು. ಸುಲಭಕ್ಕೆ ಗಂಟಲಲ್ಲಿ ಇಳಿಯಲಿಲ್ಲ. ಅಧಿಕಾರಿಗಳ ಗುಂಪಿನಿಂದ ಗುಂಪಿಗೆ ಹೋಗಿ ತೊಂಬತ್ತಕ್ಕೂ ಹೆಚ್ಚು ಸಲ ವಿವರಿಸಬೇಕಾಯಿತು. ಕೊನೆಗೂ ವಾಯುಪಡೆ ಅದರ ತಿರುಳನ್ನು ಒಪ್ಪಿಕೊಂಡಿತು. ಪೂರ್ಣ ವರದಿ 1954ರಲ್ಲಿ ಸಿದ್ಧವಾಯಿತು.

ಕಥೆ ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತೆ. ಆದರೆ ಹತ್ತು ವರ್ಷದ ನಂತರ ಇದೇ ರ‍್ಯಾಂಡ್‌ಗೆ ವಿಯೆಟ್ನಾಂ ಎದುರಾಯಿತು. 1964ರಲ್ಲಿ ಅದರ ಸಂಶೋಧಕರು ಸೆರೆಸಿಕ್ಕ ಮತ್ತು ಪಕ್ಷ ಬಿಟ್ಟುಬಂದ ವಿಯೆಟ್‌ಕಾಂಗ್ ಹೋರಾಟಗಾರರನ್ನು ಮಾತಾಡಿಸತೊಡಗಿದರು. ಇವರು ಶಿಸ್ತಿನ ಜನ, ನಂಬಿಕೆಯಿಂದ ಹೋರಾಡ್ತಿದ್ದಾರೆ, ಬಗ್ಗಿಸೋದು ಕಷ್ಟ ಅಂತ ಮೊದಲ ತಂಡ ಹೇಳಿತು. ನಂತರ ಹೊಣೆ ಹೊತ್ತ ಲಿಯೋನ್ ಗೂರೆ ಅಂಥವೇ ಸಂದರ್ಶನಗಳಿಂದ ಬೇರೆ ಅರ್ಥ ತೆಗೆದರು: ವಾಯುದಾಳಿ ಕೆಲಸ ಮಾಡ್ತಿದೆ, ಮನೋಬಲ ಕುಸೀತಿದೆ. ವಾಷಿಂಗ್ಟನ್‌ಗೆ ಬೇಕಾಗಿದ್ದೂ ಇದೇ ಮಾತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಬಾಂಬ್‌ಗಳು ವರ್ಷಗಟ್ಟಲೆ ಸುರಿದವು. 1975ರಲ್ಲಿ ಸೈಗಾನ್ ಬಿತ್ತು.

ಅಷ್ಟರೊಳಗೆ ರ‍್ಯಾಂಡ್‌ನವರೇ ಆದ ಡೇನಿಯಲ್ ಎಲ್ಸ್‌ಬರ್ಗ್ ಯುದ್ಧದ ಬಗೆಗಿನ ಸುಮಾರು 7,000 ಪುಟಗಳ ರಹಸ್ಯ ವರದಿಯನ್ನು ನಕಲು ಮಾಡಿದ್ದರು. 1971ರಲ್ಲಿ ಅದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರತೊಡಗಿದಾಗ, ಸರ್ಕಾರಕ್ಕೆ ಒಳಗೆ ಗೊತ್ತಿದ್ದದ್ದು ಒಂದು, ಜನರಿಗೆ ಹೇಳಿದ್ದು ಇನ್ನೊಂದು ಅಂತ ಬಯಲಾಯಿತು.

ಸಂಸ್ಥೆ ಒಂದೇ. ಎರಡೂ ಸಲ ಬುದ್ಧಿವಂತರಿಗೆ ಬರ ಇರಲಿಲ್ಲ. ಮೊದಲ ಸಲ ಇಷ್ಟವಿಲ್ಲದ ಮಾತನ್ನು ಹೇಳುವವರೂ ಇದ್ದರು, ಗೊಣಗುತ್ತಲೇ ಕೇಳಿಸಿಕೊಳ್ಳುವವರೂ ಇದ್ದರು. ಎರಡನೇ ಸಲ ಹೇಳುವವರು ಇದ್ದರು, ಕೇಳುವವರು ಆಗಲೇ ಬೇರೆ ಕಡೆ ಕಿವಿ ತಿರುಗಿಸಿದ್ದರು.

ಈಗ ನಮ್ಮಲ್ಲೂ ರಕ್ಷಣಾ ನೀತಿಯ ಬಗ್ಗೆ ವರದಿ ಬರೆಯುವ ಸಂಸ್ಥೆಗಳಿವೆ, ಬೆಂಗಳೂರಿನಲ್ಲೂ ಇವೆ. ಅಂಥದ್ದೊಂದು ಕೈಗೆ ಸಿಕ್ಕಾಗ ನಾನು ಮೊದಲು ಹುಡುಕೋದು ಎರಡೇ ವಿಷಯ. ಪ್ರಶ್ನೆ ಕೇಳಿದ್ದು ಯಾರು? ಅವರಿಗೆ ಕಹಿಯಾಗುವ ಒಂದು ಸಾಲಾದರೂ ಇದರಲ್ಲಿ ಇದೆಯಾ?