‘ಕಳೆ’ ಎಂಬ ಕ್ರಿಯಾಪದದ ಅರ್ಥವಿಚಾರ

ಹತ್ತರಲ್ಲಿ ಮೂರು ಕಳೆದರೆ ಏಳು, ಕಳೆದ ವರ್ಷ ಮಳೆಯಾಗಲಿಲ್ಲ, ಅಂಗಿಯನ್ನು ಕಳೆದಿಟ್ಟನು, ಉಂಗುರವನ್ನು ಕಳೆದುಕೊಂಡನು. ಈ ನಾಲ್ಕು ಮಾತುಗಳಲ್ಲಿಯೂ ಇರುವ ಕ್ರಿಯಾಪದವು ಒಂದೇ ಎಂದು ಇಂದಿನ ಕಿವಿಗೆ ತೋರುವುದು ಸಹಜವೇ. ಆದರೆ ಹಳಗನ್ನಡದಲ್ಲಿ ಇವು ಎರಡು ಧಾತುಗಳು. ಕಾಲವು ಸರಿಯುವುದಕ್ಕೆ ‘ೞ’ಕಾರವುಳ್ಳ ‘ಕೞಿ’ ಎಂಬುದೂ, ತೆಗೆದುಹಾಕುವುದಕ್ಕೆ ‘ಳ’ಕಾರವುಳ್ಳ ‘ಕಳೆ’ ಎಂಬುದೂ ಸಲ್ಲುತ್ತಿದ್ದುವು. ಹೊಲದಲ್ಲಿ ಕೀಳುವ ಕಳೆಯು ಎರಡನೆಯದರ ಬಳಗಕ್ಕೆ ಸೇರಿದುದು. ಕಾಲಕ್ರಮದಲ್ಲಿ ‘ಮೞೆ’ಯು ‘ಮಳೆ’ಯಾದಂತೆಯೇ ಈ ಎರಡು ಧಾತುಗಳೂ ಬೆರೆತುಹೋದುವು. ೞಕಾರದ ಉಚ್ಚಾರವು ಅಳಿಯುತ್ತಿದ್ದುದರಿಂದಲೇ 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಆ ಅಕ್ಷರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು.

ಹಾಗಾದರೆ ಲೆಕ್ಕದ ‘ಕಳೆ’ಯು ಯಾವುದರಿಂದ ಬಂದಿತು? ತಮಿಳಿನಲ್ಲಿ ೞಕಾರವು ಇನ್ನೂ ಉಳಿದಿದೆ. ಅಲ್ಲಿ ವ್ಯವಕಲನಕ್ಕೆ ‘ಕೞಿತ್ತಲ್’ ಎಂದು ಹೆಸರು. ಇದನ್ನು ನೋಡಿದರೆ ಮೊದಲನೆಯ ಧಾತುವಿನ ಪಕ್ಷವೇ ಬಲವಾದುದು. ಆದರೂ ಕನ್ನಡಿಗನು ಕಳೆಯುವಾಗ ಅವನ ಮನಸ್ಸಿನಲ್ಲಿರುವುದು ತೆಗೆದುಹಾಕುವ ಭಾವವೇ ಆದುದರಿಂದ, ಎರಡನೆಯದಕ್ಕೂ ಇಲ್ಲಿ ಪಾಲುಂಟು.

ಶಾಸ್ತ್ರಗ್ರಂಥಗಳ ದಾರಿಯು ಬೇರೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹದಲ್ಲಿ ‘ವ್ಯುತ್ಕಲಿತ’ವೆಂಬ ಪರಿಕರ್ಮವುಂಟು. ಅದು ಶ್ರೇಢಿಯ ಮೊತ್ತದಲ್ಲಿ ಒಂದು ಭಾಗವನ್ನು ಕಳೆಯುವ ವಿಧಾನ. ಬಿಡಿಸಂಖ್ಯೆಗಳನ್ನು ಕಳೆಯುವುದನ್ನು ಅವನು ಎಂಟು ಪರಿಕರ್ಮಗಳಲ್ಲಿ ಎಣಿಸಲೇ ಇಲ್ಲ. ಅದು ಮಕ್ಕಳಿಗೂ ತಿಳಿದುದೆಂದು ಭಾವಿಸಿದನೋ ಏನೋ.

ಆದರೆ ಈ ಕ್ರಿಯೆಯ ಬಿಸಿಯು ತಟ್ಟುತ್ತಿದ್ದುದು ಸಾಲಗಾರನ ಮನೆಗೆ. ಕೂಲಿಯಲ್ಲಿ ಸಾಲದ ಬಾಬ್ತನ್ನು ತಡೆಹಿಡಿಯುವ ಧಣಿಯು ‘ಕಳೆದುಕೊಂಡೆ’ ಎನ್ನುವುದಿಲ್ಲ, ‘ಮುರಿದುಕೊಂಡೆ’ ಎನ್ನುತ್ತಾನೆ. ‘ಕೊಳ್ಳು’ ಎಂಬ ಸಹಾಯಕ ಪದವು ಎರಡರಲ್ಲಿಯೂ ಇದ್ದರೂ, ಮೊದಲನೆಯದರಲ್ಲಿ ಕರ್ತೃವಿಗೆ ನಷ್ಟ, ಎರಡನೆಯದರಲ್ಲಿ ಲಾಭ. ಹಣವು ಯಾರ ಕಡೆಗೆ ಹೋಯಿತೆಂಬುದನ್ನು ಕನ್ನಡದ ಆಡುಮಾತು ಇಷ್ಟು ಖಚಿತವಾಗಿ ಹೇಳಿಬಿಡುತ್ತದೆ. ಅರಬ್ಬೀ ಮೂಲದಿಂದ ಕಚೇರಿಗೆ ಬಂದ ‘ವಜಾ’ ಎಂಬ ಪದಕ್ಕೆ ಈ ಗುಣವಿಲ್ಲ. ಮೊಬಲಗಿನಲ್ಲಿ ಇಷ್ಟು ವಜಾ ಎಂದು ಬರೆದರೆ ಅದು ಯಾರ ಪಾಲಾಯಿತೆಂಬುದು ತಿಳಿಯದು. ಲೆಕ್ಕದ ಪುಸ್ತಕದಲ್ಲಿ ಅಂಕಿಗಳನ್ನು ಕಳೆಯುತ್ತಿದ್ದ ಆ ಪದವೇ ಮುಂದೆ ಅರ್ಜಿಯನ್ನು ತಳ್ಳಿಹಾಕುವುದಕ್ಕೂ, ನೌಕರನನ್ನು ಕೆಲಸದಿಂದ ತೆಗೆಯುವುದಕ್ಕೂ ಸಲ್ಲತೊಡಗಿತು.